ಎಳೆ ಕೂಡಿಸುವ ಲೆಕ್ಕ

ಶಿಡ್ಲಘಟ್ಟದ ಉರ್ದು ಶಾಲೆಯ ಹಿಂದಿನ ಕೋಣೆ.
ಮಂಗಳವಾರ, ಶುಕ್ರವಾರ, ಸಂಜೆ ಆರೂಕಾಲಿಗೆ
ನಾನು ಗಣಿತ ಹೇಳುತ್ತೇನೆ.
ಬರುವವರು ಐವರು.
ಸಾಜಿದಾಳ ಬೆರಳ ತುದಿ
ದಿನವಿಡೀ ಬಿಸಿನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿ
ಪೆನ್ನು ಜಾರುತ್ತದೆ.

ಅಂದು ಬೋರ್ಡಿನ ಮೇಲೆ ಬರೆದಿದ್ದೆ:
ಒಂದು, ಅರ್ಧ, ಮೂರನೇ ಒಂದು, ಕಾಲು, ಐದನೇ ಒಂದು…
ಹೀಗೇ ಕೂಡುತ್ತ ಹೋದರೆ
ಮೊತ್ತ ಎಲ್ಲಾದರೂ ನಿಲ್ಲುತ್ತದೆಯೇ?

"ನಿಲ್ಲದೆ ಏನು," ಅಂದ ಇಮ್ದಾದ್,
ಗೂಡಿನ ಮಾರ್ಕೆಟ್ಟಿನಲ್ಲಿ ತೂಕಕ್ಕೆ ನಿಲ್ಲುವ ಹುಡುಗ.
"ಸಾವಿರದಲ್ಲೊಂದು, ಲಕ್ಷದಲ್ಲೊಂದು ಅಂತ
ಧೂಳು ಸುರಿದರೆ ತಕ್ಕಡಿ ಏಳುತ್ತಾ?"

ಅವನ ವಯಸ್ಸಿನಲ್ಲಿ ನಾನೂ ಹಾಗೇ ನಂಬಿದ್ದೆ.
ಸಾಧನೆ ಶುರುಮಾಡುವಷ್ಟರಲ್ಲಿ ಸಾಜಿದಾ ಅಂದಳು:
"ಮಿಸ್, ಗೂಡಿನ ಎಳೆ ಮೊದಲು ದಪ್ಪ.
ಒಳಗೊಳಗೆ ಹೋದಂಗೆ ಸಣ್ಣ,
ಕೊನೆಕೊನೆಗೆ ಕಣ್ಣಿಗೇ ಹತ್ತಲ್ಲ.
ಅಂತ ನೂಲು ತೆಳ್ಳಗಾದ್ರೆ ಯಜಮಾನ್ರು ಬಿಡ್ತಾರಾ?
ಎಳೆ ಸಣ್ಣಗಾದಂಗೆ ಇನ್ನಷ್ಟು ಗೂಡು ಕೂಡಿಸ್ತೀವಿ.
ನೂಲು ಅಷ್ಟೇ ದಪ್ಪ."

ಎದ್ದು ಬಂದು ಸೀಮೆಸುಣ್ಣ ಹಿಡಿದು
ಮೂರನೆಯದಕ್ಕೂ ನಾಲ್ಕನೆಯದಕ್ಕೂ ಸೇರಿಸಿ ಒಂದು ಸುತ್ತು ಹಾಕಿದಳು:
ಅರ್ಧಕ್ಕಿಂತ ಜಾಸ್ತಿ.
ಐದರಿಂದ ಎಂಟಕ್ಕೆ ಇನ್ನೊಂದು. ಅದೂ ಅರ್ಧಕ್ಕಿಂತ ಜಾಸ್ತಿ.
ಒಂಬತ್ತರಿಂದ ಹದಿನಾರು.
ಮುಂದಿನ ಸುತ್ತಿಗೆ ಬೋರ್ಡು ಸಾಲದೆ
ಸೀಮೆಸುಣ್ಣ ಗೋಡೆ ಹತ್ತಿತು.
"ಗೂಡು ಸಿಗೋತನಕ ನೂಲು ನಿಲ್ಲಲ್ಲ, ಮಿಸ್."

ಸಿಗುತ್ತಲೇ ಇರುತ್ತವೆ. ಹರಾಜಿಲ್ಲ, ತೂಕವಿಲ್ಲ,
ಎಣಿಕೆಯ ಮಾರ್ಕೆಟ್ಟಿಗೆ ರಜೆಯೇ ಇಲ್ಲ.

ಇಮ್ದಾದ್ ಸೋಲಲಿಲ್ಲ: "ಹಂಗಾದ್ರೆ ಎಲ್ಲಾ ಲೆಕ್ಕನೂ ಹಿಂಗೇ ಏರ್ತಾವಾ?"
ಇಲ್ಲವೆಂದು ಹಳೇ ಮಗ್ಗಿಯ ಹೆಸರುಗಳಲ್ಲಿ ಇನ್ನೊಂದು ಶ್ರೇಣಿ ಬರೆದೆ:
ಅರ್ಧ, ಕಾಲು, ಅರೆಕಾಲು, ವೀಸ, ಅರೆವೀಸ, ಕಾಣಿ.
ನನಗೆ ಗೊತ್ತಿದ್ದ ಹೆಸರು ಮುಗಿದವು.
ಸಂಖ್ಯೆ ಮುಗಿಯಲಿಲ್ಲ.

ಸಾಜಿದಾ ಕಾಲಿನಿಂದ ಸುತ್ತು ಶುರುಮಾಡಿದಳು.
ಅರೆಕಾಲು ಸೇರಿಸಿದಳು, ವೀಸ ಸೇರಿಸಿದಳು,
ಅರ್ಧ ತುಂಬಲಿಲ್ಲ.
ಪ್ರತಿ ಸಲ ಕೊನೆಯದು ಎಷ್ಟಿತ್ತೋ ಅಷ್ಟೇ ಬಾಕಿ.
ಸೀಮೆಸುಣ್ಣ ಅಂಗೈಯಲ್ಲಿ ಉರುಳಿಸುತ್ತ ತುಂಬ ಹೊತ್ತು ನಿಂತಳು.
"ಇದು ನೂಲಲ್ಲ. ಇದು ಹುಳ.
ಸುತ್ಕೋತ ಸುತ್ಕೋತ ಒಳಗೇ ಉಳ್ಕೊಳ್ಳುತ್ತೆ."

ಮೂವತ್ತು ವರ್ಷದಿಂದ ಅಭಿಸರಣ ಎಂಬ ಪದ ಬಳಸಿದ್ದೇನೆ.
ಅದಕ್ಕೆ ಬೇಯಿಸಿದ ಹುಳದ ವಾಸನೆ ಇದೆಯೆಂದು
ಅಂದೇ ಗೊತ್ತಾದದ್ದು.

ಹೊರಡುವಾಗ ಚಪ್ಪಲಿ ಹುಡುಕುತ್ತ ಕೇಳಿದಳು:
"ಮೊದಲನೇ ಲೆಕ್ಕ ಹತ್ತು ದಾಟೋಕೆ ಎಷ್ಟು ಎಳೆ ಬೇಕು?"
ಹನ್ನೆರಡು ಸಾವಿರದ ಮುನ್ನೂರ ಅರವತ್ತೇಳು ಅಂದೆ.
ಎಲ್ಲರೂ ಬಾಯಿ ತೆರೆದರು.
ಅವಳು ಬೆರಳು ಮಡಚಿ ನೋಡಿ
"ಎರಡು ದಿನದ ಗೂಡು," ಅಂದಳು.