ಠರಾವ ನಂಬರ ಒಂಬತ್ತು

ಮುಗುಳಿ ಬುದ್ರುಕದ ಪಂಚಾಯಿತಿಯೊಳಗ ನಾ ಕಾರಕೂನಿ.
ಮಾತು ಕನ್ನಡದಾಗ ಆಗತಾವ,
ನಡಾವಳಿ ಮರಾಠಿಯೊಳಗ ಬರೀಬೇಕು.
ಹನ್ನೊಂದು ವರ್ಷ ಹಿಂಗಽ ನಡದದ.
ಗಟಾರ, ಕೊಂಡವಾಡ, ಸಾಲಿ ಮ್ಯಾಲಿನ ಪತ್ರಾಸು,
ಇಂಥಾವಕ್ಕ ತ್ರಾಸಿಲ್ಲ, ಹೊಳಿಯ ಎರಡೂ ದಂಡ್ಯಾಗ ಒಂದಽ ಹೆಸರು.

ಅವತ್ತಿನ ವಿಷಯ ಒಂಬತ್ತು:
ಊರು ಈ ರಾಜ್ಯದಾಗ ಇರಬೇಕೋ,
ಆ ರಾಜ್ಯಕ್ಕ ಹೋಗಬೇಕೋ.

ಹೋಗಬೇಕೋ ಅಂತ ಬರದ ಮ್ಯಾಲ ಪೆನ್ನು ನಿಂತಿತು.
ಊರು ಎಲ್ಲಿಗೂ ಹೋಗೂದಿಲ್ಲಲ್ಲ.
ಭೀಮಾ ತನ್ನ ಪಾಡಿಗೆ ತಾ ಹರೀತಾಳ.
ಹೋಗಾವು ಬರೇ ಕಾಗದ,
ಸಾತ್‌ಬಾರಾ ಉತಾರ, ರೇಶನ್ ಕಾರ್ಡು,
ಯಾವ ಕೂಸು ಯಾವತ್ತು ಹುಟ್ಟಿತು ಅನ್ನೂ ದಾಖಲೆ.

ಗುರುಪಾದಪ್ಪ ಮಾಸ್ತರ ಎದ್ದರು.
ರಿಟೈರ್ ಆಗ್ಯಾರ, ದನಿ ಇನ್ನೂ ಹಾಜರಿ ಕೂಗತದ.
"ಜೂನಿಗೆ ಬರೂ ಪುಸ್ತಕ ದೀಪಾವಳಿಗೆ ಬರತಾವ.
ಕನ್ನಡದಾಗ ಕೊಟ್ಟ ಅರ್ಜಿ
ಟೇಬಲ್ ಮ್ಯಾಲಿಂದ ತಾನಽ ಜಾರಿ ಬೀಳತದ.
ನಮ್ಮ ಮನ್ಯಾಗ ನಾವಽ ಬಾಡಿಗಿ ಇದ್ಧಂಗ ಇದ್ದೀವಿ.
ನಾವು ಹೋಗೂಣು."

ನಾವು.
ಮರಾಠಿಯೊಳಗ ನಾವು ಎರಡು.
ಎದುರಿಗಿದ್ದವನ್ನ ಕೂಡಿಸಿಕೊಂಡ್ರ ಆಪಣ,
ಹೊರಗಿಟ್ಟರ ಆಮ್ಹಿ.
ಕನ್ನಡದಾಗ ಒಂದಽ, ದೊಡ್ಡ ಕೌದಿ;
ಯಾರ ಕಾಲು ಹೊರಗುಳದಾವ ಅನ್ನೂದು
ನಸುಕಿನ ಥಂಡಿ ಬಿದ್ದಾಗಽ ಗೊತ್ತು.

ಹಿಂದ, ಕಂಬಕ್ಕ ಆತು ಧೋಂಡಿಬಾ ಶಿಂಪಿ ಕೂತಿದ್ದ.
ಮನ್ಯಾಗ ಮರಾಠಿ. ನಾಕು ತಲಿ ಆತು ಈ ಊರಿಗೆ ಬಂದು.
ಮಾಸ್ತರ ಮೈಮ್ಯಾಲಿನ ಅಂಗಿ ಅವನಽ ಹೊಲದದ್ದು.
ನಾವು ಅಂದಾಗ ಮಾಸ್ತರ ಕಣ್ಣು ಎತ್ತಾಗಿದ್ದುವು,
ನಾ ನೋಡಲಿಲ್ಲ. ನೋಡಬೇಕಿತ್ತು.

ಆಮ್ಯಾಲ ಎಲ್ಲಾರೂ ಎದ್ದರು.
ಮಹಾನಂದಾ: "ಆಚಿ ದಂಡಿಗೆ ನನ್ನ ತವರದ.
ಅಲ್ಲಿ ಕರೆಂಟು ಹೋದ್ರ ನಮ್ಮಣ್ಣ
ನನಗ ಫೋನ್ ಹಚ್ಚಿ ತನ್ನ ಸರ್ಕಾರಕ್ಕ ಬೈತಾನ."
ಇಮಾಮಸಾಬ: "ಫ್ಯಾಕ್ಟರಿ ಪೆನ್ಶನ್ ಹೊಳಿ ದಾಟಿ ಬರತದೇನು?
ಅದನ್ನ ಮೊದಲ ಬರಕೊಡ್ರಿ."
ಮೀಸಿ ಚಿಗುರದ ರೇವಣ್ಯಾ:
"ಹೋಗೂದ ಬ್ಯಾಡ್ರಿ, ಹೋಗತೀವಿ ಅಂತ ಒದರೂಣು,
ಎಂಟ ದಿನದಾಗ ಡಾಂಬರು ಬರತದ."
ನಗು. ಅದನ್ನ ಬರೀಲಿಲ್ಲ.

ಅಂಬವ್ವಾಯಿ ಕೂತಲ್ಲಿಂದಽ ಅಂದಳು:
"ಸಣ್ಣಾಕಿ ಇದ್ದಾಗ ಅಕ್ಕಲಕೋಟಿ ರಾಜಾನ ಊರು ಅಂದರು.
ಆಮ್ಯಾಲ ಮುಂಬಯಿ ಅಂದರು. ಆಮ್ಯಾಲ ಮಹಾರಾಷ್ಟ್ರ.
ಒಮ್ಮಿನೂ ಯಾರೂ ನನ್ನ ಕೇಳಲಿಲ್ಲ.
ಈ ಸಲ ಕೇಳ್ಯಾರಂತ ಬಂದೀನಿ.
ಏನ ಹೇಳಬೇಕು ತಿಳೀವಲ್ದು."

ಕಾರಕೂನಿ ಬಾಯಿ ತಗೀಬಾರದು. ತಗದೆ.
"ಧೋಂಡಿಬಾ ಕಾಕಾ,
ಮಾಸ್ತರ ನಾವು ಅಂದ್ರಲ್ಲ, ಅದರಾಗ ನೀವು ಇದ್ದೀರೇನು?"

ಫ್ಯಾನಿನ ಸಪ್ಪಳ.
ಮಾಸ್ತರ ಅಂಗಿಯ ಮ್ಯಾಲಿನ ಗುಂಡಿ ಬಿಚ್ಚಿದರು,
ಮತ್ತ ಹಾಕಿಕೊಂಡರು.
ಧೋಂಡಿಬಾ ಹಲ್ಲಿಲೆ ದಾರ ಕಡದಂಗ ಸಣ್ಣಗ ನಕ್ಕ,
ಕನ್ನಡದಾಗಽ ಅಂದ:
"ನಾವು ಏನ ಹೇಳೂಣವಾ."

ಈಗ ಅಂವಂದೂ ಒಂದು ನಾವು.
ಅದು ಯಾವುದು?

ಹೋಗೂಣು ಅಂದವರು ನಲವತ್ತೊಂದು,
ಇರೂಣು ಅಂದವರು ಮೂವತ್ತೆಂಟು.
ಅಂಬವ್ವಾಯಿ ಎರಡೂ ಸಲ ಕೈ ಎತ್ತಿದಳು,
ಎರಡೂ ಸಲ ಎಣಿಸೀನಿ.
ಧೋಂಡಿಬಾ ಆಗಲೇ ಎದ್ದು ಹೋಗಿದ್ದ,
ಯಾರದೋ ಮದುವಿ ಜಂಪರು ಸಂಜೀಗೆ ಕೊಡೂದಿತ್ತಂತ.

ಎರಡು ಜಾಗ ಖಾಲಿ ಬಿಟ್ಟು
ಕಾಗದ ತಾಲೂಕ ಕಚೇರಿಗೆ ಕಳಿಸಿದೆ.
ಪೆನ್ನು ಮುಗೀತು ಅಂತ ಹೇಳೂದು ಅಂತಿದ್ದೆ,
ಯಾರೂ ಕೇಳಲಿಲ್ಲ.
ಹದಿನೇಳು ದಿನಕ್ಕ ತಿರುಗಿ ಬಂತು,
ಸಾಹೇಬರು ಕೆಂಪು ಶಾಯಿಲೆ ತಾವಽ ತುಂಬ್ಯಾರ.
ಎರಡರಾಗ ಯಾವುದೂ ಅಲ್ಲ.
ಎರಡೂ ಕಡೆ ಬರದದ್ದು:
ಸದರಿ ಗ್ರಾಮಸ್ಥರು.

ಸದರಿ ಗ್ರಾಮಸ್ಥರು ಹೋಗೂಣು.
ಸದರಿ ಗ್ರಾಮಸ್ಥರು ಏನ ಹೇಳೂಣವಾ.

ವ್ಯಾಕರಣ ಕೂಡೂದಿಲ್ಲ.
ಹಂಗಽ ಫೈಲಿಗೆ ಹಾಕೀನಿ.