ಐವತ್ತೇಳು

ತಟ್ಟೆಯನ್ನು ನೆಲಕ್ಕೆ ತಾಗಿಸಬೇಡ, ಫಿನ್ಲೆ,
ತಾಗೀತೇನೋ ಅನ್ನುವಷ್ಟು ಹತ್ತಿರ ಇರಲಿ.
ಬೀಸು. ಕುಡುಗೋಲು ಬೀಸುವ ಹಾಗಲ್ಲ,
ತುದಿಯಲ್ಲಿ ಮೇಲೆತ್ತಿದರೆ ನೆಲ ಮಾತು ನುಂಗುತ್ತದೆ.
ಮಲಗಿದ ಮಗುವಿನ ಹೊದಿಕೆಯ ಸುಕ್ಕು ಸವರುವ ಹಾಗೆ.
ಹಾಂ, ಹಾಗೆ.

ಗೋಧಿ ಕೊಯ್ದು ವಾರವಾಯಿತು,
ಬೂಟಿನ ಕೆಳಗೆ ಕೂಳೆ ಚರಚರ.
ಈ ನಾರ್ಫೋಕ್‌ನಲ್ಲಿ ಆಕಾಶಕ್ಕೆ ಒರಗಲು ಒಂದು ಗುಡ್ಡವೂ ಇಲ್ಲ,
ಸಮುದ್ರ ಬಿಟ್ಟ ಗಾಳಿ ನೇರ ಬಂದು
ನಮ್ಮ ಕಿವಿಯನ್ನೇ ಹಿಂಡುತ್ತದೆ.
ಹೆಡ್‌ಫೋನ್ ಬಿಗಿ ಮಾಡಿಕೊ.

ಗೊರ್ ಎಂದರೆ ಕಬ್ಬಿಣ. ಮೊಳೆ, ಲಾಳ, ನೇಗಿಲಿನ ಚೂರು.
ಪರದೆಯ ಮೇಲೆ ಐದು, ಎಂಟು, ಹನ್ನೊಂದು.
ಎಂಬತ್ತರಾಚೆ ತಾಮ್ರದ ಪೆನ್ನಿ, ರಾಣಿಯ ಮೂಗು ಸವೆದದ್ದು.
ತೊಂಬತ್ತು ದಾಟಿದರೆ ಬೆಳ್ಳಿ: ದನಿ ತೆಳ್ಳಗೆ ಮೇಲೇರುತ್ತದೆ,
ನಿನಗಿಂತ ಮೊದಲು ನಿನ್ನ ಮೊಣಕಾಲು ಮಡಚುತ್ತದೆ.
ಆದರೆ ತುಕ್ಕು ಹಿಡಿದ ದೊಡ್ಡ ಕಬ್ಬಿಣವೂ
ಬೆಳ್ಳಿಯ ದನಿ ಕದ್ದು ಮಾತಾಡುವುದುಂಟು.
ಆಗ ಕಾಲು ಸುತ್ತು ಹೊರಳಿ ಅಡ್ಡದಿಂದ ಬೀಸು.
ಅಂಕಿ ಕುಣಿದರೆ ಸುಳ್ಳು. ನಿಂತರೆ ಅಗೆ.
ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ನೋಡಿದವಳು ನಾನು,
ಒಂದೇ ಪ್ರಶ್ನೆಯನ್ನು ಎರಡು ಕಡೆಯಿಂದ ಕೇಳುವುದು
ನನಗೇನು ಹೊಸತಲ್ಲ.

ಕಷ್ಟವಿರುವುದು ನಡುವೆ.
ಐವತ್ತೇಳು.
ಈ ಯಂತ್ರಕ್ಕೆ ಮದುವೆಯ ಚಿನ್ನದುಂಗುರವೂ ಐವತ್ತೇಳು,
ಬಿಯರ್ ಡಬ್ಬಿಯ ಬಾಯಿಂದ ಕಿತ್ತೆಸೆದ ಉಂಗುರವೂ ಐವತ್ತೇಳು.
ಇಬ್ಬರಿಗೂ ಒಂದೇ ದನಿ, ಒಂದೇ ಮರ್ಯಾದೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದಕ್ಕೂ
ಏನಾದರೂ ಬೆಳ್ಳಗೆ ಕಾಣಬೇಕಲ್ಲ,
ಇಲ್ಲಿ ಎಲ್ಲವೂ ಮಣ್ಣೊಳಗೆ.

ಆಂಬ್ರೋಸ್ ಅಟ್ಟಿಂಗ್ ನನಗೆ ಹೊಲದ ಗೇಟು ತೆರೆದದ್ದು
ಒಂದು ಮಾತಿನ ಮೇಲೆ. ಅವನ ತಾಯಿ ಡಾರ್ಕಸ್
ಆಲೂಗಡ್ಡೆ ಕೀಳುವಾಗ ಉಂಗುರ ಕಳಕೊಂಡಳಂತೆ,
ಅವನಿಗಾಗ ಆರು ವರ್ಷ.
"ಅಗೋ, ಆ ಓಕ್ ಮರದಿಂದ ಗೇಟಿನವರೆಗೆ."
ಆಮೇಲೆ ಅವಳೆಂದೂ ಆಲೂಗಡ್ಡೆ ಸಾಲಿಗೆ ಇಳಿಯಲಿಲ್ಲವಂತೆ.

ಓಕ್ ಮರದಿಂದ ಗೇಟಿನವರೆಗೆ ನಾಲ್ಕು ಶರತ್ಕಾಲ ನಡೆದೆ.
ಐವತ್ತೇಳು ಅಂದಲ್ಲೆಲ್ಲ ಅಗೆದೆ.
ಇನ್ನೂರ ಹನ್ನೊಂದು ಡಬ್ಬಿ ಉಂಗುರ,
ಮನೆಯಲ್ಲಿ ಜ್ಯಾಮ್ ಬಾಟಲಿಯಲ್ಲಿವೆ, ಬಂದರೆ ತೋರಿಸುತ್ತೇನೆ.
ಮೂರು ಕಾಲಿನ ಒಂದು ಸೀಸದ ಕುರಿ.
ಚಿನ್ನ ಇಲ್ಲ.

ಸಿಕ್ಕಿದ್ದು ಅಲ್ಲಿ ಅಲ್ಲವೇ ಅಲ್ಲ.
ಬೇಲಿಯಾಚೆ, ಕಾಲುವೆಯ ದಂಡೆಯಲ್ಲಿ,
ಯಾರೂ ಏನೂ ಬೆಳೆಯದ ಜೊಂಡಿನ ನಡುವೆ,
ಫ್ಲಾಸ್ಕಿನ ಚಹಾ ಇನ್ನೂ ಸುಡುತ್ತಿತ್ತೆಂದು
ಸುಮ್ಮನೆ ಒಮ್ಮೆ ಬೀಸಿದೆ.
ಮೂವತ್ತೊಂದು. ಚಾಕಲೇಟಿನ ಬೇಗಡೆ ಕಾಗದದ ಅಂಕಿ.
ಯಾರೂ ಅಗೆಯದ ಅಂಕಿ.
ಚಹಾ ಆರಲಿ ಅಂತ ಅಗೆದೆ.

ಉಂಗುರ. ಒಂದು ಕಡೆ ಕತ್ತರಿಸಿದೆ.
ಎರಡೂ ತುದಿಯಲ್ಲಿ ಇಕ್ಕಳದ ಹಲ್ಲಿನ ಗುರುತು,
ಬೆರಳಿಂದ ಬಾರದ್ದನ್ನು ಹಟ ಹಿಡಿದು ಬರಿಸಿದ ಹಾಗೆ.
ನೆನಪಿಟ್ಟುಕೊ: ತುಂಡಾದ ಸುತ್ತು
ಪೂರ್ತಿ ಸುತ್ತಿನ ದನಿಯಲ್ಲಿ ಮಾತಾಡುವುದಿಲ್ಲ.
ಗೇಟಿನಿಂದ ಅಲ್ಲಿಗೆ ನೂರೆಂಬತ್ತು ಹೆಜ್ಜೆ.
ಬರುವಾಗ ಎಣಿಸಿದೆ.
ಕೈ ಜಾರಿದ್ದು ಅಷ್ಟು ದೂರ ಹೋಗುವುದಿಲ್ಲ.

"ಎಲ್ಲಿ ಸಿಕ್ಕಿತು?" ಅಂದ ಆಂಬ್ರೋಸ್.
ಎಪ್ಪತ್ತು ದಾಟಿದ ಗಂಡಸು, ಕೈಯಲ್ಲಿ ಹಾಲಿನ ಬಕೆಟ್ಟು.
ಓಕ್ ಮರದ ಹತ್ತಿರ, ಅಂದೆ.
ಕಿರುಬೆರಳಿಗೆ ಸಿಕ್ಕಿಸಲು ನೋಡಿದ,
ಬಾಯ್ಬಿಟ್ಟ ಉಂಗುರ ನಿಲ್ಲಲಿಲ್ಲ.
"ನೇಗಿಲು ತಾಗಿ ಕತ್ತರಿಸಿರಬೇಕು."
ಇರಬೇಕು, ಅಂದೆ.
ಅಡ್ಡದಿಂದ ಅವನು ಇನ್ನೊಮ್ಮೆ ಕೇಳಲಿಲ್ಲ.

ನಿಲ್ಲು. ನಿನ್ನದು ಏನೋ ಅಂದಿತಲ್ಲ ಈಗ.
ಎಷ್ಟು? ಮೂವತ್ತೆರಡಾ?
ಬೇಗಡೆಯೇ ಇದ್ದೀತು.
ಗುದ್ದಲಿ ತಗೊ. ಆಮೇಲೆ ಗುಂಡಿ ಮುಚ್ಚಲು ಮರೆಯಬೇಡ,
ಅವನ ಹಸುಗಳು ಇಲ್ಲಿ ಓಡಾಡುತ್ತವೆ.