ಹತ್ತು ನಿಮಿಷ ಪಡುವಣಕ್ಕೆ

ಯಾದವಗಿರಿಯ ನಮ್ಮ ತಾರಸಿಯಲ್ಲಿ
ನೀರಿನ ಟ್ಯಾಂಕಿಗೆ ಕಟ್ಟಿದ ಅಲ್ಯೂಮಿನಿಯಂ ಕೊಳವೆ.
ಹಪ್ಪಳಕ್ಕೆಂದು ಬಂದ ಕಾಗೆ ಅದರ ತುದಿಯಲ್ಲಿ ಕೂತು
ಊರನ್ನು ಅಳೆಯುತ್ತದೆ.
ಕೆಳಗೆ ಕೋಣೆಯಲ್ಲಿ ರೇಡಿಯೋ
ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ
ಚುರ್ರ್ ಎನ್ನುತ್ತದೆ, ಅರೆ ಕ್ಷಣ.
ಅಷ್ಟರಲ್ಲೇ ಯಾರೋ
ತಾವೆಲ್ಲಿದ್ದೇವೆಂದು ಹೇಳಿ ಮುಗಿಸಿರುತ್ತಾರೆ.

ಮಾತಿಲ್ಲ. ಕರೆಹೆಸರು, ಅಕ್ಷಾಂಶ, ರೇಖಾಂಶ,
ಜೊತೆಗೊಂದು ಪುಟ್ಟ ಚಿತ್ರ.
ಮುನವ್ವರನ ಜೀಪು ಬನ್ನೂರು ರಸ್ತೆಯಲ್ಲಿ.
ಡಾಕ್ಟರ್ ಸುಗುಣಾಂಬ ಅವರ ಸ್ಕೂಟರು
ಆಸ್ಪತ್ರೆಯ ಗೇಟಿನಲ್ಲಿ, ನಿಲ್ಲಿಸಬಾರದ ಜಾಗದಲ್ಲಿ.
ಬೆಟ್ಟದ ಮರೆಗೆ ಹೋದವರು
ಎರಡು ಚುಕ್ಕಿ ಕಳೆದುಕೊಂಡು
ಆಚೆ ಬದಿಯಲ್ಲಿ ಮತ್ತೆ ಹುಟ್ಟುತ್ತಾರೆ.

ನನಗೆ ಹಗಲಿಡೀ ಪಾಲಿಕೆಯಲ್ಲಿ ನಕ್ಷೆ ತಿದ್ದುವ ಕೆಲಸ.
ಕಾಗದದ ಮೇಲೆ ಚರಂಡಿ ಒಂದು ಗೇಣು ಜರುಗಿದರೆ
ರಾತ್ರಿ ನಿದ್ದೆ ಬಾರದು.
ಅಂಥವಳ ಕಣ್ಣಿಗೆ
ಕನ್ನಂಬಾಡಿ ಹಿನ್ನೀರಿನ ನಟ್ಟನಡುವೆ ಒಂದು ಮನೆ.
ದೋಣಿಯ ಗುರುತಲ್ಲ, ಮನೆಯದೇ.
ಅರ್ಧ ಗಂಟೆಗೊಮ್ಮೆ
ನೀರೊಳಗಿಂದ ಚುರ್ರ್.

ಪಾಂಡವಪುರದ ಕೆಂಚಲಿಂಗಯ್ಯನವರ ಸ್ಟೇಷನ್ನು.
ಸಕ್ಕರೆ ಕಾರ್ಖಾನೆಯಲ್ಲಿ ಮೋಟಾರು ಸುತ್ತುತ್ತಿದ್ದವರು,
ಐವತ್ತು ದಾಟಿದ ಮೇಲೆ ಲೈಸೆನ್ಸ್ ಪರೀಕ್ಷೆ ಕಟ್ಟಿ
ಮೊದಲ ಸಲಕ್ಕೇ ಗೆದ್ದವರು.
ಮೈಕು ಹಿಡಿದೆ.
"ಅಣ್ಣಾ, ನಿಮ್ಮ ರೇಖಾಂಶ ತಪ್ಪಿದೆ,
ಹತ್ತು ನಿಮಿಷ ಪಡುವಣಕ್ಕೆ ಜಾರಿದ್ದೀರಿ.
ನೋಡಿ, ಮೀನಿನ ಸಂಸಾರದಲ್ಲಿದ್ದೀರಿ."

ಅವರು ಗುಂಡಿ ಒತ್ತಿ ಹಿಡಿದದ್ದು ಕೇಳಿಸಿತು.
ಸೀಲಿಂಗ್ ಫ್ಯಾನು ಕೇಳಿಸಿತು.
ಯಾರೋ ಕುಕ್ಕರಿನ ವಿಸಿಲು ಎಣಿಸುತ್ತಿದ್ದದ್ದು ಕೇಳಿಸಿತು.
"ಜಾರಿಲ್ಲ ಕನವ್ವ. ಸರ್ಯಾಗೇ ಅದೆ."

ಆಮೇಲೆ, ತುಂಡು ತುಂಡಾಗಿ, ನಡುನಡುವೆ
ಬೇರೆಯವರಿಗೆ ದಾರಿ ಬಿಡುತ್ತ, ಹೇಳಿದರು:
ಅವರಜ್ಜಿ ಮದುವೆಯಾಗಿ ಬಂದ ಮೂರನೇ ವರ್ಷ
ಊರಿಗೆ ನೀರು ಬಂತು.
ಬಾಗಿಲು ಕಿತ್ತು ಗಾಡಿಗೆ ಹೇರಿದರು, ತೊಲೆ ಹೇರಿದರು,
ದನ ಮುಂದೆ, ಕೋಳಿ ಬುಟ್ಟಿಯೊಳಗೆ.
ಒರಳುಕಲ್ಲಿಗೆ ಜಾಗವಾಗಲಿಲ್ಲ.
"ಸಾಯಗಂಟ ಆವಮ್ಮ ಬೇರೆ ಒರಳಲ್ಲಿ ರುಬ್ಬುದ್ರೂ
ರುಚಿಯಿಲ್ಲ ಅಂತ್ಲೇ ಉಂಡ್ಳು."

ಒಂದು ಬೇಸಿಗೆ ಹಿನ್ನೀರು ತೀರಾ ಹಿಂದಕ್ಕೆ ಹೋದಾಗ
ಇವರು ಬಿರುಕು ಕೆಸರಿನ ಮೇಲೆ ನಡೆದು
ಕಪ್ಪೆಚಿಪ್ಪು ತುಳಿಯುತ್ತ, ಅಜ್ಜಿ ಹೇಳಿದ ಗುರುತು ಹಿಡಿದು
ಹುಡುಕಿದರಂತೆ ಮೂರು ದಿನ.
ಒರಳಿನ ಹೊಟ್ಟೆ ತುಂಬ ಮೆಕ್ಕಲು.
ಕೈಯಲ್ಲಿದ್ದ ಯಂತ್ರ ತೋರಿಸಿದ ಅಂಕಿಯನ್ನು
ಅಂಗೈ ಮೇಲೆ ಬರೆದುಕೊಂಡು ಬಂದರು.

"ಸ್ಟೇಷನ್ ಎಲ್ಲಿದೆಯೋ ಅಲ್ಲಿಯದೇ ಸ್ಥಾನ
ಹೇಳಬೇಕಲ್ಲವೇ ಅಣ್ಣಾ?" ಎಂದೆ,
ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.
"ಮನೆ ಗುರ್ತು ಹಾಕು ಅಂತದೆ ಯಂತ್ರ.
ಹಾಕಿವ್ನಿ. ಇದು ಬಾಡ್ಗೆ ಮನೆ ಕನವ್ವ,
ನಲವತ್ತು ವರ್ಸದ್ದು."

ತಪ್ಪುಗಳ ಪಟ್ಟಿಯಿಂದ ಅವರನ್ನು ತೆಗೆಯಲಿಲ್ಲ.
ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿಟ್ಟೆ.

ಹೋದ ಏಪ್ರಿಲಿನಲ್ಲಿ, ಯುಗಾದಿ ಕಳೆದ ವಾರ,
ಆ ಮನೆ ಜರುಗಿತು.
ಬಡಗಣಕ್ಕೆ ಅರವತ್ತು ಗಜ.
ಎದೆ ಧಸಕ್ಕೆಂದು ಕರೆದೆ. ತಕ್ಷಣ ಬಂದರು,
ಗಂಟಲಲ್ಲಿ ಧೂಳು, ಏನೋ ಹುರುಪು:
"ಅವತ್ತಿನ್ ಯಂತ್ರ ಅಗ್ಗದ್ದು, ನಂಬ್ಕಂಡು ಕೆಟ್ಟೆ.
ಈಗ ಮತ್ತೆ ನೀರಿಳಿದದೆ. ಒರಳೊಳಗೇ ಮಡಗಿ
ಹತ್ತು ಸಲ ನೋಡ್ದೆ, ಹತ್ತು ಸಲಾನೂ ಒಂದೇ ಲೆಕ್ಕ.
ಬರ್ಕೊ."

ಬರೆದುಕೊಂಡೆ. ಪ್ರಶ್ನೆ ಗುರುತು ಅಳಿಸಿದೆ.
ಇನ್ನೊಂದು ಕಲಮು ಖಾಲಿ ಉಳಿದಿತ್ತು.
"ಎತ್ತರ ಎಷ್ಟು ಹಾಕಲಿ ಅಣ್ಣಾ?"

ಚುರ್ರ್ ಎಂದು ಮುನವ್ವರನ ಜೀಪು ನಡುವೆ ಹಾದುಹೋಯಿತು.
ಆಮೇಲೆ ಅವರ ದನಿ:
"ನೆಲದಿಂದ ಕೇಳ್ತಿಯೋ,
ನೀರಿಂದ ಕೇಳ್ತಿಯೋ?"